ಮೂಟೆಯ ಮೇಲಿನ ಮುದ್ರೆ

ಹೋದ ಯುಗಾದಿಯ ಮಾರನೆಯ ದಿನ ತಿಪಟೂರಿನಿಂದ ನನ್ನ ತಮ್ಮನ ಮಗ ಬಂದಿದ್ದನು. ಒಂದು ಕೈಯಲ್ಲಿ ಗಾಣದ ಕೊಬ್ಬರಿ ಎಣ್ಣೆಯ ಸೀಸೆ, ಇನ್ನೊಂದು ಕೈಯಲ್ಲಿ ಹದಿನಾಲ್ಕು ಪುಟಗಳ ಒಂದು ಕರಾರು ಪತ್ರ. ಎಣ್ಣೆಯನ್ನು ಅಡುಗೆಮನೆಗೆ ಕೊಟ್ಟು, ಪತ್ರವನ್ನು ನನ್ನ ಮುಂದಿಟ್ಟು, "ದೊಡ್ಡಪ್ಪ, ಇದನ್ನೊಂದು ಸಲ ಓದಿ. ಸಹಿ ಹಾಕಲೋ ಬೇಡವೋ ನೀವೇ ಹೇಳಬೇಕು" ಎಂದನು.

ಸಂಗತಿ ಇಷ್ಟೆ. ಆರು ವರ್ಷಗಳ ಹಿಂದೆ ಅವನು ಊರಿನಲ್ಲಿ ಒಂದು ಗಾಣ ಹಾಕಿದ್ದನು. ಎಣ್ಣೆ ಚೆನ್ನಾಗಿತ್ತು; ಹೆಸರು ಬಂದಿತು. ಬೆಂಗಳೂರಿನ ಒಬ್ಬ ವ್ಯಾಪಾರಸ್ಥರು ಆ ಹೆಸರಿನಲ್ಲಿ ಆರು ಅಂಗಡಿಗಳನ್ನು ತೆರೆಯುವುದಾಗಿಯೂ, ಹೆಸರನ್ನು ಬಳಸಿಕೊಳ್ಳುವುದಕ್ಕೆ ಮೊದಲಿಗೆ ಒಂದು ಇಡಿಗಂಟು, ಆಮೇಲೆ ಅಂಗಡಿಗೆ ವರ್ಷಕ್ಕೆ ಇಷ್ಟು ಎಂದು ಕೊಡುವುದಾಗಿಯೂ ಹೇಳಿದ್ದರು. ಇದಕ್ಕೆ ಈಗಿನವರು ಫ್ರಾಂಚೈಸಿ ಎನ್ನುತ್ತಾರೆ. ಹಳೆಯ ಫ್ರೆಂಚಿನಲ್ಲಿ ಆ ಮಾತಿಗೆ ಸ್ವಾತಂತ್ರ್ಯವೆಂದೂ ವಿನಾಯಿತಿಯೆಂದೂ ಅರ್ಥವಿತ್ತಂತೆ. ಈ ಪತ್ರದಲ್ಲಿಯೂ ಸ್ವಾತಂತ್ರ್ಯಕ್ಕೇನೂ ಕೊರತೆ ಇರಲಿಲ್ಲ. ಹದಿನಾಲ್ಕು ಪುಟಗಳಲ್ಲಿ ಬೋರ್ಡಿನ ಬಣ್ಣದಿಂದ ಹಿಡಿದು ನ್ಯಾಯಾಲಯ ಯಾವ ಊರಿನದೆಂಬವರೆಗೆ ಎಲ್ಲವೂ ಇತ್ತು. ಸೀಸೆಯೊಳಗಿನ ಎಣ್ಣೆಯನ್ನು ಯಾರು, ಎಲ್ಲಿ, ಯಾವ ಕೊಬ್ಬರಿಯಿಂದ ಮಾಡತಕ್ಕದ್ದೆಂಬುದು ಮಾತ್ರ ಎಲ್ಲಿಯೂ ಇರಲಿಲ್ಲ.

ನಾನು ವಕೀಲನಲ್ಲ, ಮೂವತ್ತು ವರ್ಷ ಚರಿತ್ರೆಯನ್ನು ಪಾಠ ಹೇಳಿದ ಮೇಷ್ಟ್ರು. ಆದರೆ ಈ ವಿಷಯದ ಚರಿತ್ರೆ ನಮ್ಮ ಮನೆಯ ಅಟ್ಟದ ಮೇಲೆಯೇ ಇತ್ತು. ಹುಡುಗ ತನ್ನ ಎಣ್ಣೆಗೆ ಇಟ್ಟ ಹೆಸರು 'ಮೂರು ಗರಿ'. ಅದು ಅವನ ತಾತನ, ಎಂದರೆ ನನ್ನ ತಂದೆಯ, ಮಾರ್ಕು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯನ್ನು ನೋಡದವರಿಗೆ ಉಂಡೆ ಕೊಬ್ಬರಿಯ ವಿಚಾರ ಸ್ವಲ್ಪ ಹೇಳಬೇಕು. ಚೆನ್ನಾಗಿ ಬಲಿತ ಕಾಯನ್ನು ಮಟ್ಟೆ ಸುಲಿಯದೆ ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು ಬಿಡುತ್ತಾರೆ. ಒಳಗಿನ ನೀರು ಮೆಲ್ಲಗೆ ಇಂಗಿ, ತಿರುಳು ಒಣಗಿ, ಕರಟವನ್ನು ಬಿಟ್ಟು ಒಳಗೇ ಉಂಡೆಯಾಗುತ್ತದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಆಗ ಮಟ್ಟೆ ಸುಲಿದು, ಕರಟ ಒಡೆದು, ಉಂಡೆಯನ್ನು ಇಡಿಯಾಗಿ ತೆಗೆಯುವುದು. ಇದು ಎಣ್ಣೆಯ ಕೊಬ್ಬರಿಯಲ್ಲ, ತಿನ್ನುವ ಕೊಬ್ಬರಿ. ಇದರ ಬಹುಭಾಗ ಉತ್ತರದೇಶಕ್ಕೆ ಹೋಗುತ್ತದೆ. ಕೇಂದ್ರ ಸರ್ಕಾರ ಬೆಂಬಲ ಬೆಲೆಯನ್ನು ಸಾರುವಾಗಲೂ ಇವೆರಡಕ್ಕೆ ಬೇರೆ ಬೇರೆ ದರ ಗೊತ್ತುಮಾಡುತ್ತದೆ. 2025ರ ಹಂಗಾಮಿಗೆ ಎಣ್ಣೆ ಕೊಬ್ಬರಿಗೆ ಕ್ವಿಂಟಾಲಿಗೆ 11,582 ರೂಪಾಯಿ, ಉಂಡೆಗೆ 12,100 ರೂಪಾಯಿ. ನಡುವಿನ 518 ರೂಪಾಯಿ ಅಟ್ಟದ ಮೇಲಿನ ತಾಳ್ಮೆಯ ಬೆಲೆಯೆಂದು ನಾನು ತಿಳಿದಿದ್ದೇನೆ.

ಉಂಡೆ ಒಳಗೆ ಚೆನ್ನಾಗಿದೆಯೋ ಕೆಟ್ಟಿದೆಯೋ ಎಂಬುದು ಒಡೆಯುವ ತನಕ ಗೊತ್ತಾಗುವುದಿಲ್ಲ. ಮೂಟೆ ಕೊಳ್ಳುವವನು ಪ್ರತಿಯೊಂದನ್ನೂ ಒಡೆದು ನೋಡಲಾರ. ಆದ್ದರಿಂದ ಅವನು ಕೊಬ್ಬರಿಯನ್ನು ಕೊಳ್ಳುವುದಕ್ಕೆ ಮೊದಲು ಮಾರುವವನ ಮಾತನ್ನು ಕೊಳ್ಳುತ್ತಾನೆ. ದೂರದ ಊರಿನಲ್ಲಿ ಆ ಮಾತಿಗೆ ಬದಲಾಗಿ ನಿಲ್ಲುವುದೇ ಮೂಟೆಯ ಮೇಲಿನ ಮುದ್ರೆ. ನಮ್ಮ ತಂದೆ ಹಳ್ಳಿಗಳಲ್ಲಿ ಕೊಂಡ ಕೊಬ್ಬರಿಯನ್ನು ಮನೆಯ ಜಗುಲಿಯ ಮೇಲೆ ಸುರಿದು, ದಪ್ಪ ಸಣ್ಣ ಬೇರೆ ಮಾಡಿ, ಸೀಳಿದ್ದು, ಬೂಷ್ಟು ಹಿಡಿದದ್ದು ತೆಗೆದು, ಮೂಟೆ ಹೊಲಿಸಿ, ತಗಡಿನಲ್ಲಿ ಕೊರೆದ ಅಚ್ಚಿನಿಂದ ಮೂರು ತೆಂಗಿನ ಗರಿಗಳನ್ನು ಕಪ್ಪು ಬಣ್ಣದಲ್ಲಿ ಒತ್ತಿಸುತ್ತಿದ್ದರು. ತಿಪಟೂರಿನಲ್ಲಿ ರೈಲು ಹತ್ತಿದ ಆ ಮೂಟೆಗಳನ್ನು ಉತ್ತರದ ವರ್ತಕರು ಬಿಚ್ಚಿ ನೋಡದೆ ಕೊಳ್ಳುತ್ತಿದ್ದರೆಂದು ನಮ್ಮ ತಾಯಿ ಹೆಮ್ಮೆಯಿಂದ ಹೇಳುತ್ತಿದ್ದರು.

ನಾನು ಹತ್ತು ಹನ್ನೊಂದು ವರ್ಷದವನಿದ್ದಾಗ, 1966ರಲ್ಲಿ, ಬಂಧುಗಳೊಬ್ಬರು ಹೊಸದಾಗಿ ವ್ಯಾಪಾರ ಹೂಡಿ, ಒಂದು ವರ್ಷದ ಮಟ್ಟಿಗೆ ಆ ಅಚ್ಚನ್ನು ಕೊಡಬೇಕೆಂದು ಕೇಳಿದರು. ಮೂಟೆಗೆ ಇಷ್ಟೆಂದು ಕೊಡುತ್ತೇವೆಂದರು. ನಮ್ಮ ತಂದೆಗೆ ದಾಕ್ಷಿಣ್ಯ. "ತಗಡು ತಾನೆ, ತೆಗೆದುಕೊಂಡು ಹೋಗಿ" ಎಂದರು. ಆ ಮಳೆಗಾಲದಲ್ಲಿ ತೇವ ಆರದ ಕೊಬ್ಬರಿಯೂ ಬೂಷ್ಟಿನ ಕೊಬ್ಬರಿಯೂ ಮೇಲೆ ನಾಲ್ಕು ಒಳ್ಳೆಯ ಉಂಡೆ ಹೊದ್ದು ಮೂರು ಗರಿಯ ಹೆಸರಿನಲ್ಲಿ ರೈಲು ಹತ್ತಿದವು. ಎರಡು ವರ್ಷಗಳೊಳಗೆ ನಮ್ಮ ಮೂಟೆಗೆ ಬೇರೆಯವರ ಮೂಟೆಗಿಂತ ಕಡಿಮೆ ದರ ಬರತೊಡಗಿತು. ತಂದೆ ವ್ಯಾಪಾರ ಬಿಟ್ಟು ತೋಟಕ್ಕೆ ಇಳಿದರು. ಅಚ್ಚು ಹಿಂದಕ್ಕೆ ಬಂದಿತು, ಹೆಸರು ಬರಲಿಲ್ಲ. ಆ ತಗಡು ಈಗಲೂ ಅಟ್ಟದ ತೊಲೆಯ ಮೇಲೆ ಇದೆ.

ಮಾಡಿದವನು ತನ್ನ ಕೆಲಸದ ಮೇಲೆ ಗುರುತು ಬಿಡುವುದು ನಮ್ಮ ನಾಡಿಗೆ ಹೊಸದಲ್ಲ. ತಿಪಟೂರಿಗೆ ದೂರವಲ್ಲದ ನುಗ್ಗೇಹಳ್ಳಿಯ ಹೊಯ್ಸಳ ದೇವಾಲಯದ ವಿಗ್ರಹಗಳ ಕೆಳಗೆ ಮಲ್ಲಿತಮ್ಮನೆಂಬ ಶಿಲ್ಪಿ ತನ್ನ ಹೆಸರನ್ನು ಕೆತ್ತಿದ್ದಾನೆ. ಸೋಮನಾಥಪುರದಲ್ಲಿಯೂ ಅದೇ ಹೆಸರುಂಟು. ಆದರೆ ಆ ಹೆಸರನ್ನು ಸರ್ಕಾರದ ಪುಸ್ತಕದಲ್ಲಿ ಬರೆಯಿಸಿ, ಕದ್ದವನನ್ನು ಕಟಕಟೆಗೆ ಎಳೆಯುವ ಏರ್ಪಾಡು ಬಂದದ್ದು ಬಹಳ ಈಚೆಗೆ. ಇಂಗ್ಲೆಂಡಿನಲ್ಲಿ 1875ರಲ್ಲಿ ನೋಂದಣಿಯ ಕಾಯಿದೆಯಾಯಿತು. 1876ರ ಜನವರಿ 1ರಂದು ಬಾಸ್ ಕಂಪೆನಿಯ ಬಿಯರಿನ ಕೆಂಪು ತ್ರಿಕೋನ ಮೊದಲನೆಯ ಮುದ್ರೆಯಾಗಿ ದಾಖಲಾಯಿತು.

ಮುದ್ರೆ ನನ್ನದಾದರೆ ಅದನ್ನು ಬಾಡಿಗೆಗೆ ಕೊಡಬಹುದೆ? ಮನೆಯನ್ನು ಕೊಡುವುದಿಲ್ಲವೆ, ಎತ್ತಿನ ಗಾಡಿಯನ್ನು ಕೊಡುವುದಿಲ್ಲವೆ? ಇಂಗ್ಲೆಂಡಿನ ನ್ಯಾಯಾಧೀಶರು ಮೊದಲು ಕೂಡದೆಂದೇ ಹೇಳಿದರು. ಸೈಕಲ್ಲಿನ ಬ್ರೇಕಿಗೆ ಹಾಕುವ ಬೌಡನ್ ತಂತಿಯನ್ನು ನೋಡದವರಿಲ್ಲ. ಆ ತಂತಿಯ ಕಂಪೆನಿ ತನ್ನ 'ಬೌಡನ್' ಮುದ್ರೆಯನ್ನು ಬ್ರೇಕು ಮಾಡುವ ಇನ್ನೊಂದು ಕಂಪೆನಿಗೂ ಬಳಸಲು ಬಿಟ್ಟಿತ್ತು. ಜಗಳ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 1914ರಲ್ಲಿ ಬಂದ ತೀರ್ಪಿನಿಂದ ತಂತಿಯ ಕಂಪೆನಿ ತನ್ನ ಮುದ್ರೆಯನ್ನೇ ಕಳೆದುಕೊಂಡಿತು. ಮುದ್ರೆ ಎಂಬುದು ಸರಕು ಯಾರಿಂದ ಬಂದಿತೆಂದು ಹೇಳುವ ಮಾತು. ಎರಡು ಕಡೆಯಿಂದ ಬರುವ ಸರಕಿಗೆ ಒಂದೇ ಮುದ್ರೆ ಒತ್ತಿದರೆ ಆ ಮಾತು ಸುಳ್ಳಾಗುತ್ತದೆ, ಸುಳ್ಳಾದ ಮುದ್ರೆಗೆ ರಕ್ಷಣೆ ಇಲ್ಲ ಎಂಬುದು ಇದರ ತಾತ್ಪರ್ಯ. ಇದನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ತಂದೆಯ ಮುಖ ನೆನಪಾಯಿತು.

ವ್ಯಾಪಾರ ಬೆಳೆದಂತೆ ಅಷ್ಟು ಬಿಗಿ ನಿಲ್ಲಲಿಲ್ಲ. ಅಮೆರಿಕದಲ್ಲಿ 1899ರಷ್ಟು ಹಿಂದೆಯೇ ಚಟನೂಗ ಪಟ್ಟಣದ ಇಬ್ಬರು ವಕೀಲರು ಕೋಕಾ ಕೋಲಾವನ್ನು ಸೀಸೆಗೆ ತುಂಬುವ ಹಕ್ಕನ್ನು ಒಂದು ಡಾಲರಿಗೆ ಪಡೆದಿದ್ದರು. ಊರೂರಿನಲ್ಲಿ ಸೀಸೆ ತುಂಬುವವರು ಬೇರೆ ಬೇರೆ. ಪಾಕ ಮಾತ್ರ ಮೂಲ ಕಂಪೆನಿಯದು. ಪಾಕ ತನ್ನ ಕೈಯಲ್ಲಿದ್ದುದರಿಂದ ಕಂಪೆನಿಗೆ ಹೆಸರೂ ಕೈಯಲ್ಲಿ ಉಳಿಯಿತು. ಇಂಗ್ಲೆಂಡೂ 1938ರಲ್ಲಿ ಕಾಯಿದೆ ತಿದ್ದಿ, ಒಡೆಯನು ಗುಣದ ಮೇಲೆ ಹತೋಟಿ ಇಟ್ಟುಕೊಳ್ಳುವುದಾದರೆ ಇನ್ನೊಬ್ಬನು 'ನೋಂದಾಯಿತ ಬಳಕೆದಾರ'ನಾಗಬಹುದೆಂದಿತು.

ನಮ್ಮ ದೇಶದಲ್ಲಿ 1889ರ ಕಾಯಿದೆಯೊಂದು ಸುಳ್ಳು ಮುದ್ರೆ ಒತ್ತುವವರನ್ನು ಶಿಕ್ಷಿಸುತ್ತಿತ್ತು. ಮುದ್ರೆಯನ್ನು ನೋಂದಾಯಿಸುವ ಏರ್ಪಾಡು ಬ್ರಿಟಿಷ್ ಇಂಡಿಯದಲ್ಲಿ ಬಂದದ್ದು 1940ರ ಕಾಯಿದೆಯಿಂದ. ಸ್ವಾತಂತ್ರ್ಯ ಬಂದ ಮೇಲೆ 1958ರ ಕಾಯಿದೆ ಎರಡನ್ನೂ ಒಂದು ಮಾಡಿತು. ಈಗ ನಡೆಯುತ್ತಿರುವುದು 1999ರದು. ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಂದು. ಹಳೆಯ ಕಾಯಿದೆಯಲ್ಲಿ ನೋಂದಣಿಯ ಆಯುಷ್ಯ ಏಳು ವರ್ಷ, ಈಗ ಹತ್ತು. ಆಗಾಗ ಮುಂದುವರಿಸಿಕೊಳ್ಳುತ್ತಾ ಹೋದರೆ ಮುಪ್ಪಿಲ್ಲ. ಬಳಸುವವನನ್ನು ಸರ್ಕಾರದಲ್ಲಿ ದಾಖಲು ಮಾಡಿಸಲೇಬೇಕೆಂಬ ಬಲವಂತವೂ ಈಗಿಲ್ಲ. ಒಡೆಯನ ಲಿಖಿತ ಒಪ್ಪಿಗೆ ಇದ್ದರೆ ಸಾಕು.

ಫ್ರಾಂಚೈಸಿಯ ವಿಚಾರವಾಗಿ ನಮ್ಮ ಸುಪ್ರೀಂ ಕೋರ್ಟು ಮನಸ್ಸು ಬಿಚ್ಚಿ ಹೇಳಿದ್ದು 1995ರ ಆಗಸ್ಟ್ 4ರ ತೀರ್ಪಿನಲ್ಲಿ. 1977ರಲ್ಲಿ ದೇಶ ಬಿಟ್ಟು ಹೋಗಿದ್ದ ಕೋಕಾ ಕೋಲಾ 1993ರಲ್ಲಿ ಹಿಂದಿರುಗಿ, ನಮ್ಮವರದೇ ಆದ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಮೊದಲಾದ ಹೆಸರುಗಳನ್ನು ಕೊಂಡಿತು. ಅವನ್ನು ಸೀಸೆಗೆ ತುಂಬುವ ಕರಾರು ಮಾಡಿಕೊಂಡಿದ್ದ ಗುಜರಾತ್ ಬಾಟ್ಲಿಂಗ್ ಕಂಪೆನಿಯ ಷೇರುಗಳು 1995ರಲ್ಲಿ ಪ್ರತಿಸ್ಪರ್ಧಿಯಾದ ಪೆಪ್ಸಿಯ ಕಡೆಗೆ ಸರಿದುವು. ಕರಾರು ಇರುವಷ್ಟು ಕಾಲ ಎದುರಾಳಿಯ ಪಾನೀಯ ತುಂಬಬಾರದೆಂಬ ಷರತ್ತು ವ್ಯಾಪಾರಕ್ಕೆ ಅಡ್ಡಿಯೆಂದು ಅವರ ವಾದ. ಕರಾರಿನ ಕಾಲದ ಮಟ್ಟಿಗೆ ಇರುವ ಅಂಥ ಷರತ್ತು ಅಡ್ಡಿಯಲ್ಲ, ವ್ಯಾಪಾರವನ್ನು ಬೆಳೆಸುವುದಕ್ಕೇ ಇರುವುದೆಂದು ನ್ಯಾಯಾಲಯ ಹೇಳಿತು. ನನಗೆ ಮುಖ್ಯವಾಗಿ ಕಂಡದ್ದು ತೀರ್ಪಿನ ಇನ್ನೊಂದು ಭಾಗ. ಮುದ್ರೆಯನ್ನು ಬಳಸಲು ಕೊಡಬಹುದು. ಆದರೆ ಜನಕ್ಕೆ ಮೋಸವಾಗಬಾರದು, ಮುದ್ರೆಯ ವೈಶಿಷ್ಟ್ಯ ಅಳಿಯಬಾರದು, ಸರಕಿಗೂ ಒಡೆಯನಿಗೂ ವ್ಯಾಪಾರದ ಸಂಬಂಧ ಕಡಿಯಬಾರದು. ಹೆಸರಿನ ಹಿಂದೆ ಒಡೆಯನ ಕಣ್ಣು ಹೋಗುತ್ತಿರಬೇಕೆಂದಾಯಿತು.

ಇಷ್ಟು ದೂರ ಹೋಗುವುದೇಕೆ? ನಮ್ಮ ತಾಲ್ಲೂಕುಗಳಲ್ಲಿಯೇ ಬೆಳಗಿನ ಜಾವ ಹಾಲಿನ ಸಂಘದ ಮುಂದೆ ಹೋಗಿ ನಿಂತರೆ ಈ ಶಾಸ್ತ್ರವೆಲ್ಲ ಕಣ್ಣಿಗೆ ಕಾಣುತ್ತದೆ. ತೆಂಗಿನ ತೋಟದಲ್ಲಿ ಹಸು ಕಟ್ಟದ ಮನೆ ಅಪರೂಪ. ವಿಶ್ವಬ್ಯಾಂಕಿನ ನೆರವಿನಿಂದ 1974ರಲ್ಲಿ ಹುಟ್ಟಿದ ಹೈನು ಅಭಿವೃದ್ಧಿ ನಿಗಮದ ಜಾಗಕ್ಕೆ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ಬಂದಿತು. 1985ರಲ್ಲಿ ಅದು 'ನಂದಿನಿ' ಎಂಬ ಹೆಸರನ್ನು ತೊಟ್ಟಿತು. ಹಳ್ಳಿಯಲ್ಲಿ ಉತ್ಪಾದಕರ ಸಂಘ, ಜಿಲ್ಲೆಗೆ ಒಕ್ಕೂಟ, ಮೇಲೆ ಮಹಾಮಂಡಳ. ತುರುವೇಕೆರೆಯ ಹಸುವಿನ ಹಾಲಿಗೂ ಬೀದರಿನ ಎಮ್ಮೆಯ ಹಾಲಿಗೂ ಒಂದೇ ಹೆಸರು ಸಲ್ಲುತ್ತಿರುವುದು ಏಕೆ? ಸಂಘದ ಬಾಗಿಲಲ್ಲಿ ಪ್ರತಿಯೊಬ್ಬರ ಹಾಲಿನ ಜಿಡ್ಡನ್ನು ಅಳೆಯುತ್ತಾರೆ; ಡೇರಿಯಲ್ಲಿ ಮತ್ತೊಮ್ಮೆ ಪರೀಕ್ಷೆಯಾಗುತ್ತದೆ. ನೀರು ಬೆರೆತ ಹಾಲು ಪಕ್ಕದ ಮನೆಯವಳದಾದರೂ ಹಿಂದಕ್ಕೆ. ನಮ್ಮ ತಂದೆಗೆ ಬಂಧುವಿನ ಎದುರು ಬಾರದಿದ್ದ ಮಾತನ್ನು ಅಲ್ಲಿ ಒಂದು ಗಾಜಿನ ನಳಿಗೆ ದಿನಕ್ಕೆರಡು ಸಲ ಹೇಳುತ್ತದೆ. ಹಾಗಿದ್ದೂ ಹೆಸರಿಗೆ ಕಳ್ಳರ ಕಾಟ ತಪ್ಪಿದ್ದಲ್ಲ. 2025ರ ನವೆಂಬರಿನಲ್ಲಿ ನಂದಿನಿಯ ಹೆಸರಿನಲ್ಲಿ ನಕಲಿ ತುಪ್ಪ ಮಾರುತ್ತಿದ್ದ ಜಾಲವನ್ನು ಬೆಂಗಳೂರಿನ ಪೊಲೀಸರು ಹಿಡಿದರು.

ಈ ನಂದಿನಿಗೆ ನ್ಯಾಯಾಲಯದಲ್ಲಿ ಒಂದು ಸೋಲೂ ಆಗಿದೆ. ಬೆಂಗಳೂರಿನ ಒಂದು ಹೋಟೆಲಿನವರು 1989ರಿಂದ 'ನಂದಿನಿ ಡಿಲಕ್ಸ್' ಎಂಬ ಹೆಸರಿನಲ್ಲಿ ಆಂಧ್ರ ಊಟ ಬಡಿಸುತ್ತಿದ್ದರು. ಇಂಗ್ಲಿಷಿನಲ್ಲಿ ಅವರ ಕಾಗುಣಿತ ಒಂದು ಅಕ್ಷರ ಹೆಚ್ಚು. ತಮ್ಮ ತಿನಿಸುಗಳಿಗೆ ಆ ಹೆಸರನ್ನು ನೋಂದಾಯಿಸಲು ಹೊರಟಾಗ ಮಹಾಮಂಡಳ ತಕರಾರು ಹೂಡಿತು. 2007ರಲ್ಲಿ ನೋಂದಣಿಯ ಕಚೇರಿಯಲ್ಲಿ ಹೋಟೆಲಿಗೆ ಗೆಲವು. 2011ರಲ್ಲಿ ಮೇಲ್ಮನವಿ ಮಂಡಳಿಯಲ್ಲಿ ಮಹಾಮಂಡಳಕ್ಕೆ ಗೆಲವು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. 2018ರ ಜುಲೈ 26ರಂದು ಸುಪ್ರೀಂ ಕೋರ್ಟು ಹೋಟೆಲಿನ ಪರವಾಗಿ ತೀರ್ಪಿತ್ತಿತು. ನಂದಿನಿ ಯಾರೂ ಕಟ್ಟಿದ ಪದವಲ್ಲ. ದೇವಿಯ ಹೆಸರು, ಪುರಾಣದ ಹಸುವಿನ ಹೆಸರು. ಒಬ್ಬರದು ಹಾಲು, ಇನ್ನೊಬ್ಬರದು ಹೋಟೆಲಿನ ಊಟ. ಒಂದಕ್ಕೆ ಹಸುವಿನ ಚಿತ್ರ, ಇನ್ನೊಂದಕ್ಕೆ ದೀಪ. ಸರಕುಗಳು ಪಟ್ಟಿಯ ಒಂದೇ ವರ್ಗದಲ್ಲಿ ಬಂದ ಮಾತ್ರಕ್ಕೆ ಗ್ರಾಹಕ ಮೋಸಹೋಗುವುದಿಲ್ಲ. ಆದರೆ ಹಾಲಿಗೂ ಹಾಲಿನ ಪದಾರ್ಥಗಳಿಗೂ ಆ ಹೆಸರನ್ನು ಹೋಟೆಲಿನವರು ಕೇಳುವಂತಿಲ್ಲ. ದಿಲೀಪ ಮಹಾರಾಜನು ಕಾಡಿನಲ್ಲಿ ಕಾದ ವಸಿಷ್ಠರ ಹಸು ಒಬ್ಬರ ಕೊಟ್ಟಿಗೆಗೇ ಸೇರಿದ್ದಲ್ಲವೆಂದು ತೀರ್ಮಾನವಾದಂತಾಯಿತು.

ಇದರಲ್ಲಿ ನಮ್ಮ ಸೀಮೆಯವರಿಗೆ ಒಂದು ಪಾಠವುಂಟು. ಅಲ್ಲಿ ಎಣ್ಣೆಗೆ, ಚಿಕ್ಕಿಗೆ, ಶಾಲೆಗೆ, ಸಹಕಾರ ಸಂಘಕ್ಕೆ ಎಲ್ಲಕ್ಕೂ ಕಲ್ಪತರುವೆಂದು ಹೆಸರಿಡುವುದು ವಾಡಿಕೆ. ನಂದಿನಿ ಕಾಮಧೇನುವಿನ ಮಗಳಾದರೆ ಕಲ್ಪತರು ಅದೇ ಸ್ವರ್ಗದ ಮರ. ಕೇಳಿದ್ದನ್ನೆಲ್ಲ ಕೊಡುವ ಮರವಾದರೂ ಒಬ್ಬನಿಗೇ ಸೇರಿದ ಹೆಸರನ್ನು ಕೊಡಲಾರದು. ಊರಿನ ಹೆಸರಿನ ಮಾತೂ ಹಾಗೆಯೆ. ಸರಕು ಬಂದ ಸ್ಥಳವನ್ನು ಮಾತ್ರ ಹೇಳುವ ಮುದ್ರೆಯನ್ನು ಕಾಯಿದೆ ಸಾಮಾನ್ಯವಾಗಿ ಒಬ್ಬನ ಹೆಸರಿಗೆ ಬರೆದುಕೊಡುವುದಿಲ್ಲ. ತಿಪಟೂರು ತಿಪಟೂರಿನವರೆಲ್ಲರದು. 1937ರ ಕಾಯಿದೆಯಿಂದ ಬಂದ ಆಗ್‌ಮಾರ್ಕು ಇನ್ನೊಂದು ಬಗೆ: ಅದು ಯಾವ ವರ್ತಕನದೂ ಅಲ್ಲ; ಗುಣದ ಪರೀಕ್ಷೆಗೆ ಒಪ್ಪಿದವರಿಗೆ ಸರ್ಕಾರ ಬಳಸಲು ಕೊಡುವ ಮುದ್ರೆ.

ಹೆಸರಿನ ಬೆಲೆ ಎಷ್ಟೆಂದು ಕೇಳುವವರಿಗೆ ಮಂಗಳೂರನ್ನು ತೋರಿಸಬೇಕು. ಗಣೇಶ ಬೀಡಿಯ ಪಾಲುದಾರಿಕೆ 1987ರಲ್ಲಿ ಮುರಿದು, ನ್ಯಾಯಾಲಯದ ಮೂಲಕ 1994ರಲ್ಲಿ ಇಡೀ ವ್ಯವಹಾರ ಪಾಲುದಾರರ ನಡುವೆಯೇ ಹರಾಜಾದಾಗ ಅದು 92 ಕೋಟಿ ರೂಪಾಯಿಗೆ ಹೋಯಿತು. ಎಲೆ, ಹೊಗೆಸೊಪ್ಪು, ಕೈಕೆಲಸ ಎಲ್ಲರಿಗೂ ಸಿಕ್ಕುವಂಥವು. ಸಿಕ್ಕದ್ದು ಕಟ್ಟಿನ ಮೇಲಿನ ಹೆಸರು. ಆದಾಯ ತೆರಿಗೆಯ ಮೊಕದ್ದಮೆಯಲ್ಲಿ 2015ರಲ್ಲಿ ಸುಪ್ರೀಂ ಕೋರ್ಟು ಟ್ರೇಡ್ ಮಾರ್ಕನ್ನೂ ಯಂತ್ರಸ್ಥಾವರದ ಸಾಲಿಗೆ ಸೇರಿಸಿ ಸವಕಳಿ ಲೆಕ್ಕ ಹಾಕಬಹುದೆಂದಿತು. ಹೆಸರೂ ಸವೆಯುತ್ತದೆಂದು ಒಪ್ಪಿದಂತೆಯೇ ಅಲ್ಲವೆ? ಬೆಂಗಳೂರಿನ ಎಂ.ಟಿ.ಆರ್. ನೋಡಿ: 1924ರಲ್ಲಿ ಮಯ್ಯ ಸಹೋದರರು ತೆರೆದ ಫಲಾಹಾರ ಮಂದಿರ. 2007ರಲ್ಲಿ ಪೊಟ್ಟಣದ ಪದಾರ್ಥಗಳ ಕಂಪೆನಿ ನಾರ್ವೆಯ ಓರ್ಕ್ಲಾದ ಕೈಗೆ ಹೋಯಿತು. ಹೋಟೆಲು ಮನೆತನದಲ್ಲಿಯೇ ಉಳಿಯಿತು. ಮೂರಕ್ಷರ ಒಂದೇ, ಮನೆ ಎರಡು. ಯಾವುದು ಯಾರದೆಂದು ಗೆರೆ ಎಳೆದುಕೊಂಡರೆ ಹೀಗೂ ಬಾಳಬಹುದು.

ಇಷ್ಟನ್ನೂ ಹುಡುಗನಿಗೆ ಒಂದೇ ಸಲಕ್ಕೆ ಹೇಳಲಿಲ್ಲ. ಅಟ್ಟ ಹತ್ತಿಸಿ ತಗಡನ್ನು ಇಳಿಸಿ ತರಿಸಿದೆ. ಬಣ್ಣದ ಹೊಪ್ಪಳೆಯಡಿಯಲ್ಲಿ ಮೂರು ಗರಿ ಇನ್ನೂ ಚೊಕ್ಕವಾಗಿದ್ದುವು. 1966ರ ಕತೆ ಹೇಳಿದೆ. ಅವನು ಅದನ್ನು ಕೇಳಿರಲಿಲ್ಲ. ತಾತ ವ್ಯಾಪಾರ ಬಿಟ್ಟದ್ದು ಮಳೆ ಹೋದದ್ದರಿಂದ ಎಂದೇ ಅವನಿಗೆ ಮನೆಯಲ್ಲಿ ಹೇಳಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಏನು ಬರೆಯಿಸಲಿ, ದೊಡ್ಡಪ್ಪ?" ಎಂದನು.

ವಕೀಲರೊಬ್ಬರ ಹತ್ತಿರ ಕಳುಹಿಸಿದೆ. ಮೊದಲು ಹೆಸರು ಅವನದಾಗಲಿ ಎಂದು ಅವರು ಅರ್ಜಿ ಹಾಕಿಸಿದರು. ತಿನ್ನುವ ಎಣ್ಣೆ 29ನೆಯ ವರ್ಗ, ಹಾಲೂ ಅದರಲ್ಲಿಯೇ; ತಲೆಗೆ ಹಚ್ಚುವ ಎಣ್ಣೆಯಾದರೆ 3ನೆಯದು. ಒಬ್ಬೊಂಟಿ ವ್ಯಾಪಾರಿಗೆ ಗಣಕದ ಮೂಲಕ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ ಶುಲ್ಕ 4,500 ರೂಪಾಯಿ. ಆಮೇಲೆ ಕರಾರಿಗೆ ನಾಲ್ಕು ಸಾಲು ಸೇರಿಸಿದರು. ಎಣ್ಣೆ ತಿಪಟೂರಿನ ಗಾಣದಿಂದಲೇ ಹೋಗತಕ್ಕದ್ದು. ಯಾವ ಅಂಗಡಿಗೆ ಯಾವ ದಿನ ಬೇಕಾದರೂ ಹೋಗಿ ಸೀಸೆ ತೆಗೆದು ಪರೀಕ್ಷಿಸುವ ಹಕ್ಕು ಅವನಿಗಿರತಕ್ಕದ್ದು. ಈ ಹಕ್ಕನ್ನು ಅವರು ಮೂರನೆಯವರಿಗೆ ದಾಟಿಸಕೂಡದು. ಕರಾರು ಮುಗಿದ ದಿನ ಬೋರ್ಡು ಇಳಿಯತಕ್ಕದ್ದು.

ಪತ್ರ ಬೆಂಗಳೂರಿಗೆ ಹೋಗಿ ಮೂರು ವಾರದ ಮೇಲೆ ಹಿಂದಕ್ಕೆ ಬಂದಿತು. ಬೋರ್ಡು ಇಳಿಸುವುದಕ್ಕೆ ಅವರ ಆಕ್ಷೇಪಣೆ ಇರಲಿಲ್ಲ. ಮೊದಲನೆಯ ಎರಡು ಸಾಲುಗಳಿಗೆ ಅಡ್ಡಗೆರೆ ಎಳೆದಿದ್ದರು. ಹುಡುಗ ಸಹಿ ಹಾಕಲಿಲ್ಲ. ಬರಬಹುದಾಗಿದ್ದ ಇಡಿಗಂಟಿನಿಂದ ಗಾಣದ ಸಾಲ ತೀರಬಹುದಾಗಿತ್ತು. ಆ ಸಾಲ ಇನ್ನೂ ಇದೆ; ಮನೆಯಲ್ಲಿ ಅವನ ಹೆಂಡತಿಗೆ ನನ್ನ ಮೇಲೆ ಸ್ವಲ್ಪ ಬೇಸರವೂ ಇದೆ, ಅದು ನ್ಯಾಯವೂ ಹೌದು. ತುರುವೇಕೆರೆಯಲ್ಲಿರುವ ಅವಳ ತಮ್ಮ ಮಾತ್ರ ಆ ನಾಲ್ಕು ಸಾಲುಗಳನ್ನೂ ಒಪ್ಪಿ ಒಂದು ಅಂಗಡಿ ತೆರೆದಿದ್ದಾನೆ. ಬಂಧುವಾದ್ದರಿಂದ ತಿಂಗಳಿಗೆ ಒಂದರ ಬದಲು ಎರಡು ಸಲ ಹೋಗಿ ಸೀಸೆ ತೆಗೆದು ನೋಡು ಎಂದು ಹುಡುಗನಿಗೆ ಹೇಳಿದ್ದೇನೆ.